ಒಂದು ಆಂಪ್‌ಗಾಗಿ ಎಂಟು ತಿಂಗಳು

ನಾಲ್ಕು ಜನ ಸೇರಿ ಭಾನುವಾರ ಬೆಳಿಗ್ಗೆಗೆ ಜಾಮ್ ರೂಮ್ (ಬ್ಯಾಂಡ್‌ಗಳು ಅಭ್ಯಾಸ ಮಾಡುವ ಬಾಡಿಗೆ ಕೋಣೆ) ಬುಕ್ ಮಾಡಿದ್ದೆವು. ಗಂಟೆಗೆ 500 ರೂಪಾಯಿ. ಎಲ್ಲರೂ ಒಂದೇ ಆಫೀಸಿನವರು, ಎಲ್ಲರಿಗೂ ನಲವತ್ತರ ಆಸುಪಾಸು. ನಾನು ಎರಡು ವಾರ ಮನೆಯಲ್ಲಿ ಕೂತು ಮಲ್ಟಿ ಎಫೆಕ್ಟ್ಸ್ ಪೆಡಲ್‌ನಲ್ಲಿ (ಗಿಟಾರಿನ ಸದ್ದು ಬದಲಾಯಿಸುವ ಡಬ್ಬಿ) ಒಂದು ಸೌಂಡ್ ಮಾಡಿಟ್ಟುಕೊಂಡಿದ್ದೆ. ಬೇಸ್ (ತಗ್ಗಿನ ಸ್ವರ) ಜಾಸ್ತಿ, ಟ್ರೆಬಲ್ (ಮೇಲಿನ ಸ್ವರ) ಜಾಸ್ತಿ, ಮಿಡ್ (ನಡುವಿನದ್ದು) ಕಡಿಮೆ. ಹೆಡ್‌ಫೋನ್ ಹಾಕಿಕೊಂಡರೆ ಅದು ತುಂಬಾ ಚೆನ್ನಾಗಿತ್ತು. ಜಾಮ್ ರೂಮಿನಲ್ಲಿದ್ದ ಆಂಪ್‌ಗೆ, ಅಂದರೆ ಗಿಟಾರಿನ ಸದ್ದು ದೊಡ್ಡದು ಮಾಡುವ ಆಂಪ್ಲಿಫೈಯರಿಗೆ, ಅದನ್ನು ಸಿಕ್ಕಿಸಿದೆ. ಅದು ರೋಲ್ಯಾಂಡ್ ಜೆಸಿ-120. ಡ್ರಮ್ಮರ್ ಕೋಲು ತಟ್ಟಿ ಎಣಿಸಿದ, ಶುರು ಮಾಡಿದೆವು. ಅರ್ಧ ನಿಮಿಷದಲ್ಲಿ ನನ್ನ ಗಿಟಾರ್ ನನಗೇ ಕೇಳಿಸದಾಯಿತು.

ವಾಲ್ಯೂಮ್ ಏರಿಸಿದೆ. ಕಿವಿ ಚುಚ್ಚಿತು, ಸ್ವರ ಮಾತ್ರ ಹೊರಗೆ ಬರಲಿಲ್ಲ. ಜಾಮ್ ರೂಮ್ ನೋಡಿಕೊಳ್ಳುವ ಹುಡುಗ ಬಾಗಿಲಲ್ಲಿ ನಿಂತು ಕೇಳುತ್ತಿದ್ದ. ಒಳಗೆ ಬಂದು, "ಸರ್, ಒಂದ್ನಿಮಿಷ" ಅಂದು ಪೆಡಲ್ ಆಫ್ ಮಾಡಿದ. ಆಂಪ್‌ನ ಮಿಡ್ಲ್ ನಾಬನ್ನು ಮೂರರಿಂದ ಏಳಕ್ಕೆ ತಿರುಗಿಸಿದ. ಬೇಸ್ ಇಳಿಸಿದ. ವಾಲ್ಯೂಮ್ ಕೂಡ ಇಳಿಸಿದ. ಗಿಟಾರ್ ಗೋಡೆಯ ಆಚೆಯಿಂದ ಈಚೆಗೆ ಬಂದಂತಾಯಿತು.

ಇದರ ಕಾರಣ ಆಮೇಲೆ ಓದಿ ತಿಳಿದುಕೊಂಡೆ. ಸದ್ದು ಸಣ್ಣದಿದ್ದಾಗ ನಮ್ಮ ಕಿವಿಗೆ ತಗ್ಗಿನ ಮತ್ತು ಮೇಲಿನ ಸ್ವರಗಳು ಅಷ್ಟಾಗಿ ಕೇಳಿಸುವುದಿಲ್ಲ. ಅದಕ್ಕೇ ಮನೆಯಲ್ಲಿ ಬೇಸ್, ಟ್ರೆಬಲ್ ಎರಡನ್ನೂ ಏರಿಸಿಕೊಳ್ಳುತ್ತೇವೆ. ಬ್ಯಾಂಡ್ ಜೊತೆ ನಿಂತಾಗ ತಗ್ಗಿನ ಜಾಗವನ್ನು ಬೇಸ್ ಗಿಟಾರೂ ಕಿಕ್ ಡ್ರಮ್ಮೂ ತಗೊಂಡಿರುತ್ತವೆ. ಮೇಲಿನ ಜಾಗ ಸಿಂಬಲ್‌ಗಳದ್ದು. ಗಿಟಾರಿಗೆ ಉಳಿಯುವುದು ನಡುವಿನದ್ದು ಮಾತ್ರ. ಆ ನಡುವನ್ನೇ ನಾನು ಕತ್ತರಿಸಿ ಹಾಕಿದ್ದೆ.

ಆ ದಿನವೇ ಒಂದು ವಿಷಯ ತಲೆಗೆ ಹೋಯಿತು. ಇಷ್ಟು ವರ್ಷ ಗಿಟಾರ್ ಬಗ್ಗೆ ಯೋಚಿಸಿದ್ದೆ, ಪೆಡಲ್ ಬಗ್ಗೆ ಯೋಚಿಸಿದ್ದೆ, ಆಂಪ್ ಬಗ್ಗೆ ಯೋಚಿಸಿರಲಿಲ್ಲ. ಮನೆಯಲ್ಲಿದ್ದದ್ದು ಕಾಲೇಜಿನ ದಿನಗಳಲ್ಲಿ ಕೊಂಡ 10 ವ್ಯಾಟಿನ ಪುಟ್ಟ ಪ್ರಾಕ್ಟೀಸ್ ಆಂಪ್. ಒಂದು ಸರಿಯಾದ ಆಂಪ್ ಕೊಳ್ಳೋಣ ಅಂತ ನಿರ್ಧಾರ ಮಾಡಿದೆ. ಬಜೆಟ್ 40,000 ರೂಪಾಯಿ. ಮನೆಯಲ್ಲೂ ಬ್ಯಾಂಡಿನಲ್ಲೂ ಒಂದೇ ಆಂಪ್ ನಡೆಯಬೇಕು. ಬ್ಲೂಸೂ ಬೇಕು, ರಾಕೂ ಬೇಕು.

ನನ್ನ ಗಿಟಾರ್ ಯಮಾಹಾ ಪೆಸಿಫಿಕಾ 112. ತಂತಿಯ ಕಂಪನ ಹಿಡಿಯುವ ಪಿಕಪ್‌ಗಳು ಮೂರು. ಕುತ್ತಿಗೆಯ ಹತ್ತಿರ ಮತ್ತು ನಡುವೆ ತೆಳು ಸದ್ದಿನ ಸಿಂಗಲ್ ಕಾಯಿಲ್ ಪಿಕಪ್, ಬ್ರಿಡ್ಜ್ ಹತ್ತಿರ ದಪ್ಪ ಸದ್ದಿನ ಹಂಬಕರ್. ಅಂದರೆ ಗಿಟಾರಿನಲ್ಲೇ ಎರಡೂ ದಾರಿಗಳಿವೆ. ಮುಂದಿನ ಪಿಕಪ್‌ನಲ್ಲಿ ನಿಧಾನದ ಬ್ಲೂಸ್, ಹಿಂದಿನ ಪಿಕಪ್‌ನಲ್ಲಿ ಎಸಿ/ಡಿಸಿ ಅನ್ನುವ ರಾಕ್ ಬ್ಯಾಂಡಿನ ತರಹದ ರಿಫ್ (ಮತ್ತೆ ಮತ್ತೆ ಬರುವ ಸ್ವರದ ತುಣುಕು).

ಕೇಳಿದವರೆಲ್ಲ ಹೇಳಿದ್ದು ಒಂದೇ ಮಾತು. ಬ್ಲೂಸ್‌ಗೆ ಫೆಂಡರ್ ಕಂಪನಿಯ ಆಂಪ್, ರಾಕ್‌ಗೆ ಮಾರ್ಷಲ್ ಕಂಪನಿಯದ್ದು, ಎರಡೂ ಬೇಕು ಅಂದರೆ ಎರಡು ಆಂಪ್ ತಗೋ. ಈ ಮಾತು ನನಗೆ ಒಪ್ಪಿಗೆಯಾಗಲಿಲ್ಲ. ಇತಿಹಾಸ ನೋಡಿದರೆ ಇನ್ನೂ ಒಪ್ಪಿಗೆಯಾಗಲ್ಲ. 1960ರ ದಶಕದ ಶುರುವಿನಲ್ಲಿ ಜಿಮ್ ಮಾರ್ಷಲ್ ಪಶ್ಚಿಮ ಲಂಡನ್ನಿನ ಹ್ಯಾನ್‌ವೆಲ್‌ನಲ್ಲಿ ವಾದ್ಯದ ಅಂಗಡಿ ಇಟ್ಟಿದ್ದರು. ಅವರು ಮೂಲತಃ ಡ್ರಮ್ಮರ್. ಅಂಗಡಿಗೆ ಬರುತ್ತಿದ್ದ ಗಿಟಾರ್ ಹುಡುಗರು ಅಮೆರಿಕದ ಆಂಪ್‌ನಂಥ ಗಟ್ಟಿ ಸದ್ದು ಇಲ್ಲೇ ಸಿಗಬೇಕು ಅಂದರು. ಮಾರ್ಷಲ್ ಮತ್ತು ಅವರ ಜೊತೆಗಾರರು ಮುಂದೆ ಇಟ್ಟುಕೊಂಡಿದ್ದು ಅಮೆರಿಕದ ಫೆಂಡರ್ ಕಂಪನಿಯ ಬೇಸ್‌ಮನ್ ಅನ್ನುವ ಆಂಪ್‌ನ ಸರ್ಕ್ಯೂಟ್. ಅದನ್ನೇ ಇಂಗ್ಲೆಂಡಿನಲ್ಲಿ ಸಿಗುವ ಬಿಡಿಭಾಗಗಳಲ್ಲಿ ಕಟ್ಟಿದರು. ಅದು ಮಾರ್ಷಲ್‌ನ ಮೊದಲ ಆಂಪ್ ಜೆಟಿಎಂ45 ಆಯಿತು. ಗಿಟಾರ್ ವಾದಕ ಎರಿಕ್ ಕ್ಲಾಪ್ಟನ್ 1966ರಲ್ಲಿ ಜಾನ್ ಮೇಯಲ್ ಅವರ ಬ್ಲೂಸ್ ಬ್ಯಾಂಡಿನಲ್ಲಿ ನುಡಿಸಿದ್ದು ಇದೇ ಕುಟುಂಬದ ಕಾಂಬೊ ಆಂಪ್‌ನಲ್ಲಿ (ಆಂಪ್, ಸ್ಪೀಕರ್ ಎರಡೂ ಒಂದೇ ಪೆಟ್ಟಿಗೆಯಲ್ಲಿರುವುದು). ರಾಕ್ ಗಿಟಾರಿನ ಸದ್ದು ಅಂತ ನಾವು ಇವತ್ತು ಕರೆಯುವುದು ಒಬ್ಬ ಬ್ಲೂಸ್ ವಾದಕ ಆಂಪನ್ನು ಪೂರ್ತಿ ತೆರೆದಾಗ ಹುಟ್ಟಿದ್ದು. ಒಂದೇ ಬೇರು. ಹಾಗಿದ್ದ ಮೇಲೆ ಒಂದೇ ಆಂಪ್ ಯಾಕೆ ಸಾಲದು?

ಇನ್ನೊಂದು ನೆನಪೂ ನನ್ನ ಜೊತೆ ಇತ್ತು. 2005ರಲ್ಲಿ ಗಿಟಾರ್ ವಾದಕ ಮಾರ್ಕ್ ನಾಫ್ಲರ್ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಿದ್ದಾಗ ನಾನು ಇನ್ನೂ ಓದುತ್ತಿದ್ದೆ. ತುಂಬಾ ಹಿಂದೆ ನಿಂತಿದ್ದೆ. ಅವರು ಪಿಕ್ ಹಿಡಿಯುವುದಿಲ್ಲ, ಬೆರಳಲ್ಲೇ ಮೀಟುತ್ತಾರೆ. ಮೆತ್ತಗೆ ಮೀಟಿದರೆ ಸ್ವರ ಶುದ್ಧ, ಸ್ವಲ್ಪ ಒತ್ತಿ ಮೀಟಿದರೆ ಅದರ ಅಂಚು ಹರಿದು ಒರಟಾಗುತ್ತಿತ್ತು. ಕಾಲಲ್ಲಿ ಏನೂ ಒತ್ತದೆ, ಬರೀ ಬೆರಳಿನ ಭಾರದಿಂದ ಸದ್ದು ಬದಲಾಗುವುದನ್ನು ನಾನು ಕೇಳಿಸಿಕೊಂಡಿದ್ದು ಅಲ್ಲೇ ಮೊದಲು. ನನಗೆ ಬೇಕಾದದ್ದು ಅದು. ಕೈಯ ಮಾತು ಕೇಳುವ ಆಂಪ್.

ಮೊದಲು ವ್ಯಾಟ್ ಲೆಕ್ಕ ಸರಿಮಾಡಿಕೊಳ್ಳಬೇಕಾಯಿತು. 30 ವ್ಯಾಟ್ ಅಂದರೆ 15 ವ್ಯಾಟಿನ ಎರಡರಷ್ಟು ಸದ್ದು ಅಂದುಕೊಂಡಿದ್ದೆ. ಹಾಗಲ್ಲ. ವ್ಯಾಟ್ ಎರಡರಷ್ಟಾದರೆ ಹೆಚ್ಚುವುದು 3 ಡೆಸಿಬೆಲ್, ಕಿವಿಗೆ ಅದು ಸಣ್ಣ ಏರಿಕೆ. ಸದ್ದು ಎರಡರಷ್ಟು ಅನ್ನಿಸಬೇಕಾದರೆ ವ್ಯಾಟ್ ಸುಮಾರು ಹತ್ತರಷ್ಟಾಗಬೇಕು. ಗಿಟಾರ್ ಸ್ಪೀಕರ್‌ಗಳು ಬೇರೆ ತುಂಬಾ ಚುರುಕು. ಒಂದೇ ಒಂದು ವ್ಯಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ 97ರಿಂದ 100 ಡೆಸಿಬೆಲ್ ತನಕ ಸದ್ದು ಬರುತ್ತದೆ. ಎರಡು ಬೆಡ್‌ರೂಮಿನ ಫ್ಲ್ಯಾಟಿನಲ್ಲಿ ಅಷ್ಟು ಸದ್ದು ಮಾಡಿದರೆ ಮೇಲಿನ ಮನೆಯವರು ಕೆಳಗೆ ಬರುತ್ತಾರೆ, ಅಲ್ವಾ? ಅಂದರೆ ಮನೆಗೆ 1 ವ್ಯಾಟೂ ಜಾಸ್ತಿ, ಡ್ರಮ್ ಪಕ್ಕಕ್ಕೆ 15ರಿಂದ 20 ವ್ಯಾಟಿನ ವಾಲ್ವ್ ಆಂಪ್ (ಟ್ರಾನ್ಸಿಸ್ಟರ್ ಬದಲು ಹಳೆಯ ರೇಡಿಯೋದಂಥ ಗಾಜಿನ ವಾಲ್ವ್ ಇರುವುದು) ಸಾಕು. 100 ವ್ಯಾಟ್ ನನ್ನ ಬದುಕಿನಲ್ಲಿ ಎಲ್ಲೂ ಬೇಕಾಗಿರಲಿಲ್ಲ.

ಆಮೇಲೆ ಎಲ್ಲಿ ಹೋದರೂ ಒಂದೇ ಪರೀಕ್ಷೆ ಮಾಡಿದೆ. ನನ್ನ ಗಿಟಾರ್, ನನ್ನ ಕೇಬಲ್. ಪೆಡಲ್ ಇಲ್ಲ. ಎಲ್ಲ ನಾಬ್‌ಗಳೂ ಮಧ್ಯಕ್ಕೆ. ಎ ಸ್ವರದಲ್ಲಿ ಹನ್ನೆರಡು ಬಾರ್ ಬ್ಲೂಸ್ ಒಂದು ಸುತ್ತು, ಒಂದು ದಪ್ಪ ರಿಫ್, ಒಂದು ಉದ್ದ ಬೆಂಡ್ (ತಂತಿಯನ್ನು ಎಳೆದು ಸ್ವರ ಏರಿಸುವುದು). ಬ್ಲೂಸ್‌ನ ಬೆಂಡ್‌ನಲ್ಲಿ ಒಂದು ಸೂಕ್ಷ್ಮ ಇದೆ. ಮೈನರ್ ಮತ್ತು ಮೇಜರ್ ಗಾಂಧಾರಗಳ ನಡುವೆ, ಎರಡೂ ಅಲ್ಲದ ಕಡೆ ತಂತಿಯನ್ನು ನಿಲ್ಲಿಸಬೇಕು. ವೀಣೆ ಕೇಳಿದವರಿಗೆ ಇದು ಹೊಸದಲ್ಲ. ಆಂಪ್ ಚೆನ್ನಾಗಿಲ್ಲದಿದ್ದರೆ ಆ ನಡುವಿನ ಜಾಗ ಬರೀ ಅಪಸ್ವರದ ಹಾಗೆ ಕೇಳುತ್ತದೆ. ಕೊನೆಗೆ ಮುಖ್ಯ ಪರೀಕ್ಷೆ. ಆಂಪ್ ಸ್ವಲ್ಪ ಒಡೆದ ಸದ್ದು ಕೊಡುವ ಹಾಗೆ ಇಟ್ಟು, ಗಿಟಾರಿನ ವಾಲ್ಯೂಮನ್ನು ಹತ್ತರಿಂದ ಐದಕ್ಕೆ, ಐದರಿಂದ ಮೂರಕ್ಕೆ ಇಳಿಸುವುದು. ಸದ್ದು ಸ್ವಚ್ಛವಾಗಬೇಕು, ಜೀವ ಹೋಗಬಾರದು.

ಇನ್ನೊಂದು ಅಭ್ಯಾಸವನ್ನೂ ಬೆಳೆಸಿಕೊಂಡೆ. ಸ್ಪೀಕರ್ ಎದುರು ಮಂಡಿಯೂರಿ ಕೂತು ಕೇಳುವುದು. 12 ಇಂಚಿನ ಸ್ಪೀಕರ್ ಟ್ರೆಬಲ್ಲನ್ನು ನೇರ ಮುಂದಕ್ಕೆ ಎಸೆಯುತ್ತದೆ. ಆಂಪ್ ನೆಲದ ಮೇಲಿದ್ದರೆ ಅದು ನಮ್ಮ ಮೊಣಕಾಲಿಗೆ ಹೋಗುತ್ತದೆ. ನಿಂತವರಿಗೆ ಮಂಕಾಗಿ ಕೇಳುತ್ತದೆ ಅಂತ ಟ್ರೆಬಲ್ ಏರಿಸುತ್ತಾರೆ, ಎದುರು ಕೂತವರ ಕಿವಿ ಹೋಗುತ್ತದೆ. ಎಷ್ಟೋ ಆಂಪ್‌ಗಳಿಗೆ ಕೆಟ್ಟ ಹೆಸರು ಬರುವುದು ಈ ಕಾರಣಕ್ಕೇ ಅಂತ ನನಗನ್ನಿಸುತ್ತದೆ.

ಜೆಸಿ-120 ಬಗ್ಗೆ ಮೊದಲೇ ಹೇಳಬೇಕು. ಅದು 1975ರಿಂದ ಬರುತ್ತಿರುವ ಟ್ರಾನ್ಸಿಸ್ಟರ್ ಆಂಪ್, ಎರಡು 12 ಇಂಚಿನ ಸ್ಪೀಕರ್, ನೀರಿನಷ್ಟು ಸ್ವಚ್ಛ. ಆ ಸ್ವಚ್ಛತೆ ಎಷ್ಟು ಏರಿಸಿದರೂ ಬದಲಾಗುವುದಿಲ್ಲ. ಅದೇ ಅದರ ಗುಣ. ನನಗೆ ಬೇಕಾದದ್ದು ಬದಲಾಗುವ ಸದ್ದು.

ಬಾಸ್ ಕಟಾನಾ 50 ನನ್ನನ್ನು ತುಂಬಾ ಯೋಚನೆಗೆ ಹಚ್ಚಿತು. ಅಂಗಡಿಯಲ್ಲಿ ಒಂದು ಗಂಟೆ ನುಡಿಸಿದೆ. ಅರ್ಧ ವ್ಯಾಟಿಗೆ ಇಳಿಸಬಹುದು, ಹೆಡ್‌ಫೋನ್ ಹಾಕಬಹುದು, ಕಂಪ್ಯೂಟರಿಗೆ ಜೋಡಿಸಬಹುದು, ಎಫೆಕ್ಟ್‌ಗಳು ಒಳಗೇ ಇವೆ. ಕ್ರಂಚ್ (ಸ್ವಲ್ಪ ಒಡೆದ ಸದ್ದು) ಇಟ್ಟು ಗಿಟಾರಿನ ವಾಲ್ಯೂಮ್ ಇಳಿಸಿದರೆ ನಿಜಕ್ಕೂ ಸ್ವಚ್ಛವಾಗುತ್ತದೆ. ಮೊದಲ ಆಂಪ್ ಕೊಳ್ಳುವವರು ಕೇಳಿದರೆ ನಾನು ಇದನ್ನೇ ಹೇಳುತ್ತೇನೆ. ಬೇಸ್ ನುಡಿಸುವ ಗೆಳೆಯ ತನ್ನ ಮಗಳಿಗೆ ಇದನ್ನೇ ಕೊಡಿಸಿದ, ಅವಳು ದಿನಾ ನುಡಿಸುತ್ತಾಳೆ. ನಾನು ಯಾಕೆ ಕೊಳ್ಳಲಿಲ್ಲ ಅಂದರೆ, ಆ ಒಂದು ಗಂಟೆಯಲ್ಲಿ ಮುಕ್ಕಾಲು ಗಂಟೆ ನಾನು ನಾಬ್ ತಿರುಗಿಸುತ್ತಿದ್ದೆ. ನನಗೆ ದಿನಕ್ಕೆ ಸಿಗುವುದೇ ನಲವತ್ತು ನಿಮಿಷ. ಅದು ತಂತಿಯ ಮೇಲೆ ಹೋಗಬೇಕು.

ಇನ್ನೊಂದು ಜಾಮ್ ರೂಮಿನಲ್ಲಿ ವಾಕ್ಸ್ ಎಸಿ15 ಇತ್ತು. ಅದರ ಅಣ್ಣ ಎಸಿ30ಯನ್ನು ಬ್ರಯಾನ್ ಮೇ, ರೋರಿ ಗ್ಯಾಲಹರ್ ಇಬ್ಬರೂ ನುಡಿಸಿದ್ದಾರೆ. ಇಬ್ಬರೂ ಅದರ ಮುಂದೆ ಮೇಲಿನ ಸ್ವರ ಏರಿಸುವ ಟ್ರೆಬಲ್ ಬೂಸ್ಟರ್ ಇಟ್ಟು ತಳ್ಳುತ್ತಿದ್ದರು. ಎಸಿ15ರಲ್ಲಿ ಕಾರ್ಡ್ (ಒಟ್ಟಿಗೆ ಮೀಟುವ ಸ್ವರಗಳು) ನುಡಿಸಿದರೆ ಗೆಜ್ಜೆ ಕಟ್ಟಿದ ಹಾಗೆ ಮೇಲಿನ ತಂತಿಗಳು ಮಿನುಗುತ್ತವೆ. ಅಷ್ಟು ಚೆಂದದ ಕಾರ್ಡ್ ನಾನು ಬೇರೆಲ್ಲೂ ಕೇಳಿಲ್ಲ. ಒಂಟಿ ಸ್ವರ ಮಾತ್ರ ನನ್ನ ಕೈಯಲ್ಲಿ ತೆಳುವಾಯಿತು. ಮಾರ್ಷಲ್ ಡಿಎಸ್‌ಎಲ್20ಯನ್ನು ಅಂಗಡಿಯಲ್ಲಿ ನೋಡಿದೆ. ರಾಕ್‌ಗೆ ಬೇಕಾದ್ದಕ್ಕಿಂತ ಜಾಸ್ತಿ ಗೇನ್, ಅಂದರೆ ಸದ್ದನ್ನು ಒಡೆಸುವ ಶಕ್ತಿ, ಇದೆ. ನನಗೆ ಅಷ್ಟು ಬೇಡ ಅನ್ನಿಸಿತು.

ಹೆಚ್ಚು ಹೊತ್ತು ಜೊತೆಗಿದ್ದದ್ದು ಫೆಂಡರ್ ಬ್ಲೂಸ್ ಜೂನಿಯರ್. ಬೇರೆ ಬ್ಯಾಂಡಿನ ಗೆಳೆಯರೊಬ್ಬರು ಒಂದು ವಾರಾಂತ್ಯಕ್ಕೆ ಕೊಟ್ಟರು. 15 ವ್ಯಾಟ್, ಒಂದೇ ಚಾನಲ್, ಮಾರ್ದನಿ ಕೊಡುವ ಸ್ಪ್ರಿಂಗ್ ರಿವರ್ಬ್, ಸದ್ದು ದಪ್ಪ ಮಾಡುವ ಒಂದು ಫ್ಯಾಟ್ ಸ್ವಿಚ್. ಶನಿವಾರ ಮನೆಯಲ್ಲಿ ಅದನ್ನು ಆನ್ ಮಾಡಿದಾಗ ದೊಡ್ಡಪ್ಪ ಬಂದಿದ್ದರು. ಅವರು ಜಾಲಹಳ್ಳಿಯ ಬಿಇಎಲ್‌ನಲ್ಲಿ ವಾಲ್ವ್ ವಿಭಾಗದಲ್ಲಿ ಕೆಲಸ ಮಾಡಿ ರಿಟೈರ್ ಆದವರು. ಬಿಇಎಲ್ 1960ರ ದಶಕದಿಂದ ರೇಡಿಯೋ ವಾಲ್ವ್‌ಗಳನ್ನು ಇಲ್ಲೇ ಮಾಡುತ್ತಿತ್ತು. ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಅಂಥ ಒಬ್ಬ ದೊಡ್ಡಪ್ಪನೋ ಮಾವನೋ ಇದ್ದಾರೆ.

ಗಿಟಾರ್ ಅಂದರೆ ದೂರ ಹೋಗುತ್ತಿದ್ದ ದೊಡ್ಡಪ್ಪ ಆಂಪ್ ಹಿಂದೆ ಕೂತುಬಿಟ್ಟರು. ಕನ್ನಡಕ ಸರಿಮಾಡಿಕೊಂಡು ಒಳಗೆ ಇಣುಕಿದರು.

"ಇದು ಇಎಲ್84 ಕಣೋ! ನಮ್ಮ ಕಾಲದ ರೇಡಿಯೋದಲ್ಲಿ ಸ್ಪೀಕರ್ ಓಡಿಸ್ತಿದ್ದದ್ದು ಇದೇ ಜಾತಿ ವಾಲ್ವು. ಇನ್ನೂ ಮಾಡ್ತಾರಾ?"

"ಗಿಟಾರ್‌ನೋರಿಗೋಸ್ಕರ ಮಾಡ್ತಾರೆ ದೊಡ್ಡಪ್ಪ."

"ಈ ಸಣ್ಣವು ಮೂರು?"

"ಮೊದಲ ಹಂತದ್ದು, ಪ್ರೀ ಆಂಪ್‌ದು. 12ಎಎಕ್ಸ್7."

"ಇಸಿಸಿ83 ಅನ್ನು. ನಾವು ಹಾಗನ್ನೋದು." ಪೆನ್ಸಿಲ್ ಕೇಳಿ ತಗೊಂಡರು. ವಾಲ್ವ್‌ಗಳನ್ನು ಒಂದೊಂದಾಗಿ ಮೆತ್ತಗೆ ತಟ್ಟಿದರು. ಒಂದನ್ನು ತಟ್ಟಿದಾಗ ಸ್ಪೀಕರಿನಲ್ಲಿ ಟಿಂಗ್ ಅಂತ ಗಂಟೆಯಂಥ ಸದ್ದು ಬಂತು. "ಇದು ಮೈಕ್ರೊಫೋನಿಕ್ ಆಗ್ತಾ ಇದೆ. ಒಳಗೆ ಸಡಿಲ ಆಗಿರುತ್ತೆ. ಸ್ವಲ್ಪ ದಿನಕ್ಕೆ ಬದಲಾಯಿಸ್ಬೇಕು ಅಂತ ಅವರಿಗೆ ಹೇಳು."

ಯಾಕೆ ಗಿಟಾರಿನವರು ವಾಲ್ವ್ ಬಿಡುತ್ತಿಲ್ಲ ಅಂತ ನಾನು ಕೇಳಿದೆ. ಅವರು ಹೇಳಿದ್ದು ನನಗೆ ಪುಸ್ತಕದ ವಿವರಣೆಗಿಂತ ಚೆನ್ನಾಗಿ ಅರ್ಥವಾಯಿತು. ಟ್ರಾನ್ಸಿಸ್ಟರ್ ತನ್ನ ಮಿತಿ ತನಕ ನೆಟ್ಟಗೆ ಹೋಗಿ ಗೋಡೆಗೆ ಹೊಡೆದ ಹಾಗೆ ನಿಲ್ಲುತ್ತದೆ, ಅಲೆಯ ತಲೆ ಕತ್ತರಿಸಿದಂತಾಗುತ್ತದೆ. ವಾಲ್ವ್ ಮಿತಿ ಹತ್ತಿರ ಬಂದಂತೆ ಬಗ್ಗುತ್ತಾ ಹೋಗುತ್ತದೆ, ತಲೆ ದುಂಡಗಾಗುತ್ತದೆ. "ರೇಡಿಯೋದಲ್ಲಿ ಹಾಗಾಗ್ಬಾರದು ಅಂತ ನಾವು ಒದ್ದಾಡ್ತಿದ್ವಿ. ನೀವು ಅದನ್ನೇ ಬೇಕು ಅಂತಿದೀರಾ" ಅಂದರು. ಹೌದು. 1950ರ ದಶಕದ ಷಿಕಾಗೋ ಬ್ಲೂಸ್‌ನವರೂ ಗದ್ದಲದ ಕ್ಲಬ್‌ಗಳಲ್ಲಿ ಸಣ್ಣ ಆಂಪ್‌ಗಳನ್ನು ಮಿತಿ ಮೀರಿ ತಳ್ಳಿಯೇ ಆ ಸದ್ದು ಪಡೆದರು. ಆ ಬಗ್ಗುವಿಕೆಯಲ್ಲೇ ಬೆರಳಿನ ಭಾರ ಕೇಳಿಸುವುದು.

ಭಾನುವಾರ ಬ್ಲೂಸ್ ಜೂನಿಯರನ್ನು ಜಾಮ್ ರೂಮಿಗೆ ಒಯ್ದೆ. ನಿಧಾನದ ಬ್ಲೂಸ್ ನುಡಿಸಿದಾಗ ನಾಲ್ವರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಅಷ್ಟು ಚೆನ್ನಾಗಿತ್ತು. ಹಂಬಕರಿಗೆ ಬದಲಾಯಿಸಿ ರಿಫ್ ಹಿಡಿದಾಗ ಮಾತ್ರ ತಗ್ಗಿನ ತಂತಿಗಳು ಕೆಸರಾದವು. ಮನೆಯಲ್ಲಂತೂ ಮಾಸ್ಟರ್ ವಾಲ್ಯೂಮ್ ಎರಡು ದಾಟಿಸಲು ಆಗಲಿಲ್ಲ. ಒಲ್ಲದ ಮನಸ್ಸಿನಿಂದ ವಾಪಸ್ ಕೊಟ್ಟೆ.

ಇದರ ನಡುವೆ ಒಂದು ತಪ್ಪು ಆಗಬೇಕಿತ್ತು, ತಪ್ಪಿತು. ಒಬ್ಬರು ಅಮೆರಿಕದಿಂದ ತಂದ 40 ವ್ಯಾಟಿನ ವಾಲ್ವ್ ಆಂಪನ್ನು ಅರ್ಧ ಬೆಲೆಗೆ ಮಾರುತ್ತಿದ್ದರು. ನಾನು ಅಡ್ವಾನ್ಸ್ ಕೊಡಲು ಸಿದ್ಧನಾಗಿದ್ದೆ. ದೊಡ್ಡಪ್ಪ ಜೊತೆಗೆ ಬಂದರು. ಮೊದಲು ಹಿಂದಿನ ಪ್ಲೇಟ್ ಓದಿದರು. 120 ವೋಲ್ಟ್, 60 ಹರ್ಟ್ಜ್. ನಮ್ಮಲ್ಲಿ ಬರುವುದು 230 ವೋಲ್ಟ್, 50 ಹರ್ಟ್ಜ್. ಮಾರುವವರು ಒಂದು ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಡಬ್ಬಿ ಜೊತೆಗೆ ಕೊಡುತ್ತೇನೆ ಅಂದರು. ಆ ಡಬ್ಬಿ ವೋಲ್ಟೇಜ್ ಇಳಿಸುತ್ತದೆ, ಹರ್ಟ್ಜ್ ಬದಲಾಯಿಸುವುದಿಲ್ಲ. ಬರೀ 60 ಹರ್ಟ್ಜ್‌ಗೆ ಮಾಡಿದ ಟ್ರಾನ್ಸ್‌ಫಾರ್ಮರ್ 50ರಲ್ಲಿ ಹೆಚ್ಚು ಬಿಸಿಯಾಗಬಹುದು. ಅದಾದರೂ ನೋಡಿಕೊಳ್ಳಬಹುದಿತ್ತು. ಆಮೇಲೆ ಪ್ಲಗ್ ನೋಡಿದೆವು. ಹಮ್ಮಿಂಗ್ ಬರುತ್ತದೆ ಅಂತ ಅರ್ತ್ ಪಿನ್ನನ್ನೇ ಕತ್ತರಿಸಿದ್ದರು.

ದೊಡ್ಡಪ್ಪ ಅಲ್ಲೇನೂ ಅನ್ನಲಿಲ್ಲ. ಹೊರಗೆ ಬಂದ ಮೇಲೆ ಹೇಳಿದರು. "ಒಳಗೆ ನಾನೂರು ವೋಲ್ಟ್ ಓಡಾಡುತ್ತೆ. ಗಿಟಾರ್ ತಂತಿ ಅರ್ತ್‌ಗೆ ಸೇರಿರುತ್ತೆ. ನಿನ್ನ ಕೈ ತಂತಿ ಮೇಲೆ, ಬಾಯಿ ಮೈಕಿಗೆ ತಾಗಿರುತ್ತೆ. ಅರ್ತ್ ಇಲ್ಲದ ವಾಲ್ವ್ ಸೆಟ್ಟು ಮನೆಗೆ ತರಬೇಡ." ಇನ್ನೂ ಎರಡು ಮಾತು ಸೇರಿಸಿದರು. ಪ್ಲಗ್ ತೆಗೆದ ಮೇಲೂ ಒಳಗಿನ ಕೆಪ್ಯಾಸಿಟರ್‌ಗಳಲ್ಲಿ ಪ್ರಾಣ ತೆಗೆಯುವಷ್ಟು ಕರೆಂಟ್ ಉಳಿದಿರುತ್ತದೆ, ಗೊತ್ತಿಲ್ಲದವರು ತೆರೆಯಬಾರದು. ಸ್ಪೀಕರ್ ಜೋಡಿಸದೆ ವಾಲ್ವ್ ಆಂಪ್ ಆನ್ ಮಾಡಬಾರದು, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು. ಸೆಕೆಂಡ್ ಹ್ಯಾಂಡ್ ಕೊಳ್ಳುವ ಯಾರಿಗಾದರೂ ಈ ಮೂರನ್ನು ನಾನು ಸದ್ದಿಗಿಂತ ಮೊದಲು ಹೇಳುತ್ತೇನೆ.

ಏಳನೇ ತಿಂಗಳಲ್ಲಿ ಒಬ್ಬರು ಹೈದರಾಬಾದಿಗೆ ಮನೆ ಬದಲಾಯಿಸುತ್ತಾ ಮಾರ್ಷಲ್ ಒರಿಜಿನ್ 20 ಕಾಂಬೊ ಮಾರುತ್ತಿದ್ದಾರೆ ಅಂತ ಗೊತ್ತಾಯಿತು. 2018ರಲ್ಲಿ ಬಂದ ಸರಣಿ ಅದು. ಎರಡು ಇಎಲ್34 ಪವರ್ ವಾಲ್ವ್, ಮೂರು ಇಸಿಸಿ83, ಒಂದು 10 ಇಂಚಿನ ಸ್ಪೀಕರ್. ರಿವರ್ಬ್ ಇಲ್ಲ. ಒಂದು ಸ್ವಿಚ್ ಇದೆ, ಅದರಲ್ಲಿ 20 ವ್ಯಾಟ್, 3 ವ್ಯಾಟ್, ಅರ್ಧ ವ್ಯಾಟ್ ಅಂತ ಮೂರು ಹಂತ. ಪವರ್ ವಾಲ್ವ್‌ಗೆ ಹೋಗುವ ವೋಲ್ಟೇಜನ್ನೇ ಇಳಿಸಿ ಸದ್ದು ಕಡಿಮೆ ಮಾಡುತ್ತದೆ. ಹಾಗಾಗಿ ಸಣ್ಣ ಸದ್ದಿನಲ್ಲೂ ಆಂಪ್ ದುಡಿಯುತ್ತಿರುತ್ತದೆ.

ಅರ್ಧ ಗಂಟೆ ಆನ್ ಇಟ್ಟೇ ನೋಡಿದೆ. ಏನೂ ಸಿಕ್ಕಿಸದೆ ಹಮ್ಮಿಂಗ್ ಎಷ್ಟಿದೆ, ನಾಬ್ ತಿರುಗಿಸಿದರೆ ಕರಕರ ಅನ್ನುತ್ತದಾ, ತಗ್ಗಿನ ಸ್ವರಕ್ಕೆ ಏನಾದರೂ ನಡುಗುತ್ತದಾ, ಬಿಸಿಯಾದ ಮೇಲೆ ಸದ್ದು ಕುಂದುತ್ತದಾ. ಎಲ್ಲ ಸರಿ ಇತ್ತು. ಆಮೇಲೆ ಅದೇ ಮೂರು ತುಣುಕು. ಗೇನ್ ಮುಕ್ಕಾಲು, ಮುಂದಿನ ಪಿಕಪ್, ಗಿಟಾರಿನ ವಾಲ್ಯೂಮ್ ನಾಲ್ಕು. ಸ್ವರ ಶುದ್ಧವಾಗಿ, ತುಂಬಿಕೊಂಡು ಬಂತು. ಏಳಕ್ಕೆ ಏರಿಸಿ ಸ್ವಲ್ಪ ಒತ್ತಿ ಮೀಟಿದೆ, ಅಂಚು ಹರಿಯಿತು. ಹಂಬಕರ್, ವಾಲ್ಯೂಮ್ ಹತ್ತು. ಇದು ರಿಫ್. ಆಂಪ್‌ನ ಒಂದು ನಾಬನ್ನೂ ನಾನು ಮುಟ್ಟಿರಲಿಲ್ಲ. ಬೆಂಡ್ ಎಳೆದು ಆ ನಡುವಿನ ಗಾಂಧಾರದಲ್ಲಿ ನಿಲ್ಲಿಸಿದೆ. ಅದು ಅಳುವ ಹಾಗೆ ನಿಂತಿತು. 38,000ಕ್ಕೆ ಮಾತಾಯಿತು.

ಅದರ ಕೊರತೆಗಳನ್ನೂ ಹೇಳುತ್ತೇನೆ. ಉರಿಯುವ ರಾಕ್ ಸೋಲೋಗೆ ಅದರ ಗೇನ್ ಸಾಲದು. ಒಂದು ಟ್ಯೂಬ್ ಸ್ಕ್ರೀಮರ್ ಪೆಡಲನ್ನು ಮುಂದಿಟ್ಟಿದ್ದೇನೆ. ಡ್ರೈವ್ ಸೊನ್ನೆಯ ಹತ್ತಿರ, ಲೆವೆಲ್ ಮೇಲೆ. ಆ ಪೆಡಲ್ ತಗ್ಗನ್ನು ಕತ್ತರಿಸಿ ನಡುವನ್ನು ಉಬ್ಬಿಸುತ್ತದೆ, ಆಂಪನ್ನು ತಳ್ಳುತ್ತದೆ. ಮೊದಲ ದಿನ ಜಾಮ್ ರೂಮಿನಲ್ಲಿ ನಾನು ಕಳೆದುಕೊಂಡಿದ್ದು ಅದೇ ನಡು. 10 ಇಂಚಿನ ಸ್ಪೀಕರಿಗೆ ಎದೆಗೆ ಬಡಿಯುವ ತಗ್ಗು ಇಲ್ಲ, ಬ್ಯಾಂಡಿನಲ್ಲಿ ಅದರ ಅಗತ್ಯವೂ ಬೀಳಲಿಲ್ಲ. ರಿವರ್ಬ್‌ಗೆ ಬೇರೆ ಪೆಡಲ್ ಬೇಕು, ಇನ್ನೂ ಕೊಂಡಿಲ್ಲ. ಅರ್ಧ ವ್ಯಾಟೂ ರಾತ್ರಿ ಹೊತ್ತಿಗೆ ಜಾಸ್ತಿಯೇ. ಹಾಗಾಗಿ ಸಂಜೆ ಆರರಿಂದ ಏಳರ ಒಳಗೆ ನುಡಿಸುತ್ತೇನೆ, ಮೇಲಿನ ಮನೆಯವರಿಗೆ ಹೇಳಿಯೇ ಇಟ್ಟಿದ್ದೇನೆ. ಕರೆಂಟ್ ಹೋದಾಗ ನಮ್ಮ ಹಳೆಯ ಸ್ಕ್ವೇರ್ ವೇವ್ ಇನ್ವರ್ಟರ್ ಮೇಲೆ ಒಮ್ಮೆ ಹಾಕಿ ನೋಡಿದೆ. ಜೇನುಗೂಡಿನ ಹಾಗೆ ಗುಂಯ್ ಅಂತು, ತಕ್ಷಣ ಆಫ್ ಮಾಡಿದೆ. ಆಂಪ್ ಸಿಕ್ಕಿಸುವ ಗೋಡೆಯ ಸಾಕೆಟ್ಟಿನ ಅರ್ತನ್ನೂ ಎಲೆಕ್ಟ್ರಿಷಿಯನ್ ಕರೆಸಿ ಸರಿಮಾಡಿಸಿದೆ.

ಎಂಟನೇ ತಿಂಗಳ ಮೊದಲ ಭಾನುವಾರ ಆಂಪನ್ನು ಅದೇ ಜಾಮ್ ರೂಮಿಗೆ ಒಯ್ದೆ. ನೆಲದ ಮೇಲೆ ಇಡದೆ ಒಂದು ಪ್ಲಾಸ್ಟಿಕ್ ಕುರ್ಚಿಯ ಮೇಲಿಟ್ಟು ಸ್ವಲ್ಪ ಹಿಂದಕ್ಕೆ ಒರಗಿಸಿದೆ, ಸ್ಪೀಕರ್ ನನ್ನ ಕಿವಿಯನ್ನು ನೋಡುವ ಹಾಗೆ. 20 ವ್ಯಾಟ್, ಬೇಸ್ ನಾಲ್ಕು, ಮಿಡ್ಲ್ ಏಳು, ಮಾಸ್ಟರ್ ಅರ್ಧ. ಡ್ರಮ್ಮರ್ ಎಣಿಸಿದ. ಎರಡನೇ ಸುತ್ತಿಗೆ ಬಂದಾಗ ಬೇಸ್ ಗೆಳೆಯ ಆ ಮೂಲೆಯಿಂದ, "ಈಗ ಒಂದೊಂದು ಸ್ವರಾನೂ ಕೇಳಿಸ್ತಿದೆ ಗುರು" ಅಂತ ಕೂಗಿದ. ಡ್ರಮ್ಮರ್ ಕೋಲು ಎತ್ತಿ, ಸ್ವಲ್ಪ ಕಮ್ಮಿ ಮಾಡು ಅಂತ ಸನ್ನೆ ಮಾಡಿದ. ನಾನು ಆಂಪ್ ಕಡೆ ಹೋಗಲಿಲ್ಲ. ಕಿರುಬೆರಳಿನಲ್ಲಿ ಗಿಟಾರಿನ ವಾಲ್ಯೂಮನ್ನು ಹತ್ತರಿಂದ ಏಳಕ್ಕೆ ಇಳಿಸಿ ಮುಂದುವರಿಸಿದೆ.